ಮೊಣಕಾಲಿನ ಕೋನ ಅಳೆಯಲು ಯಾವ ಸೆನ್ಸರ್?

ಕಾಲಿಗೆ ಕಟ್ಟಿಕೊಂಡು ಮೊಣಕಾಲು ಎಷ್ಟು ಮಡಿಚಿದೆ ಎಂದು ಅಳೆಯುವ ಪಟ್ಟಿಗೆ ಫ್ಲೆಕ್ಸ್ ಸೆನ್ಸರ್ (ಬಾಗಿದಷ್ಟೂ ರೋಧ ಬದಲಾಗುವ ತೆಳು ಪಟ್ಟಿ), ಪೊಟೆನ್ಶಿಯೋಮೀಟರ್ (ದಂಡ ತಿರುಗಿಸಿದಂತೆ ರೋಧ ಬದಲಾಗುವ ಬಿಡಿಭಾಗ), ಎಂಪಿಯು-6050 (ಚಲನೆ ಮತ್ತು ಓರೆ ಅಳೆಯುವ ಚಿಪ್) ಇವುಗಳಲ್ಲಿ ಯಾವುದನ್ನು ಹಾಕಬೇಕೆಂದು ಕೇಳಿದ್ದೀರಿ. ಪಟ್ಟಿಯ ಪಕ್ಕದಲ್ಲಿ ತಿರುಗುವ ಕೀಲು ಇದ್ದರೆ ಪೊಟೆನ್ಶಿಯೋಮೀಟರ್ ಹಾಕಿ. ಬರೀ ಬಟ್ಟೆಯ ಪಟ್ಟಿಯಾದರೆ ಎರಡು ಎಂಪಿಯು. ಫ್ಲೆಕ್ಸ್ ಬೇಡ.

ಅಂತಿಮ ವರ್ಷದ ಪ್ರಾಜೆಕ್ಟಿನಲ್ಲಿ ನಾವು ಮೊದಲು ನೆಚ್ಚಿಕೊಂಡದ್ದು ಫ್ಲೆಕ್ಸನ್ನೇ. ಅದು ತನ್ನ ಮೈ ಎಷ್ಟು ಬಾಗಿದೆ ಎಂದು ಹೇಳುತ್ತದೆಯೇ ಹೊರತು ಕೀಲು ಎಷ್ಟು ತಿರುಗಿದೆ ಎಂದಲ್ಲ. ಬಟ್ಟೆ ಅರ್ಧ ಇಂಚು ಜಾರಿದರೆ ಅದೇ ಮೊಣಕಾಲಿಗೆ ಬೇರೆ ಅಂಕಿ. ಹತ್ತು ಸಲ ಕುಳಿತು ಎದ್ದ ಮೇಲೆ ನೇರ ಕಾಲಿಗೂ ಸೊನ್ನೆ ಬರಲಿಲ್ಲ.

ಪೊಟೆನ್ಶಿಯೋಮೀಟರಿನ ಲೆಕ್ಕ ಸರಳ. ಆರ್ಡುಯಿನೋ ಊನೋ (ಸೆನ್ಸರ್ ಓದುವ ಪುಟ್ಟ ಕಂಪ್ಯೂಟರ್ ಬೋರ್ಡ್) 5 ವೋಲ್ಟನ್ನು 1024 ಹಂತಗಳಾಗಿ ಓದುತ್ತದೆ. 300 ಡಿಗ್ರಿ ತಿರುಗುವ ಪೊಟೆನ್ಶಿಯೋಮೀಟರಿಗೆ ಹಂತಕ್ಕೆ ಸುಮಾರು 0.3 ಡಿಗ್ರಿ. ನಡೆಯುವಾಗ ಮೊಣಕಾಲು ಮಡಿಚುವುದು ಹೆಚ್ಚುಕಡಿಮೆ 60 ಡಿಗ್ರಿ, ಹಾಗಾಗಿ ಧಾರಾಳವಾಯಿತು. ಕೊಳ್ಳುವಾಗ ಮೈಮೇಲಿನ ಅಕ್ಷರ ನೋಡಿ: ಬಿ10ಕೆ ಇರಬೇಕು. ನಾನು ಎ10ಕೆ ತಂದಿದ್ದೆ. ಅದು ರೇಡಿಯೋದ ವಾಲ್ಯೂಮಿಗೆ ಹೇಳಿ ಮಾಡಿಸಿದ್ದು, ಅರ್ಧ ತಿರುಗಿಸಿದರೂ ಅರ್ಧ ತೋರಿಸುವುದಿಲ್ಲ. ಎರಡು ಸಂಜೆ ಕೋಡಿನಲ್ಲಿ ತಪ್ಪು ಹುಡುಕಿದೆವು! ಪೊಟೆನ್ಶಿಯೋಮೀಟರಿನ ದಂಡ ಕೀಲಿನಲ್ಲಿ ಗಟ್ಟಿಯಾಗಿ ಕೂತಿರಲಿ. ಅಲ್ಲಿ ಮೂರು ಡಿಗ್ರಿ ಸಡಿಲವಿದ್ದರೆ 0.3ರ ಲೆಕ್ಕಕ್ಕೆ ಅರ್ಥವಿಲ್ಲ. ಮೊಣಕಾಲು ಬಾಗಿಲಿನ ತಿರುಗಣಿಯಂತಲ್ಲ, ಮಡಿಚುತ್ತಾ ಅದರ ಅಕ್ಷವೂ ಸರಿಯುತ್ತದೆ. ಮೊಣಕಾಲಿನ ಹೊರಬದಿಯಲ್ಲಿ, ತೊಡೆಯೆಲುಬಿನ ತುದಿಯಲ್ಲಿ ಕೈಗೆ ಸಿಗುವ ಉಬ್ಬಿನ ನೇರಕ್ಕೆ ಕೀಲನ್ನು ಕೂರಿಸಿದರೆ ಪಟ್ಟಿ ಕಡಿಮೆ ಜಾರುತ್ತದೆ.

ಎಂಪಿಯು ಆದರೆ ಒಂದು ತೊಡೆಗೆ, ಇನ್ನೊಂದು ಮೊಣಕಾಲಿನ ಕೆಳಗಿನ ಎಲುಬಿನ ಮುಂಭಾಗಕ್ಕೆ. ಮೀನಖಂಡದ ಮೇಲೆ ಕಟ್ಟಿದರೆ ಮಾಂಸದ ಜೊತೆ ಅದೂ ಕುಣಿಯುತ್ತದೆ. ಎರಡರ ಓರೆಯ ವ್ಯತ್ಯಾಸವೇ ನಿಮ್ಮ ಕೋನ. ಅದರೊಳಗಿನ ಗೈರೋ (ತಿರುಗುವ ವೇಗ ಅಳೆಯುವ ಭಾಗ) ಒಂದನ್ನೇ ನಂಬಿದರೆ ನಿಮಿಷಗಳಲ್ಲಿ ಅಂಕಿ ತೇಲಿಹೋಗುತ್ತದೆ, ಬರೀ ಆಕ್ಸೆಲೆರೋಮೀಟರ್ (ಗುರುತ್ವದ ದಿಕ್ಕನ್ನೂ ಅಲುಗಾಟವನ್ನೂ ಅಳೆಯುವ ಭಾಗ) ನಂಬಿದರೆ ಹಿಮ್ಮಡಿ ನೆಲಕ್ಕೆ ಬಡಿದಾಗಲೆಲ್ಲ ಅದು ಜಿಗಿಯುತ್ತದೆ. ಗೈರೋಗೆ 0.98, ಆಕ್ಸೆಲೆರೋಮೀಟರಿಗೆ 0.02 ತೂಕ ಕೊಟ್ಟು ಬೆರೆಸಿ. ಒಂದು ಮಾತು: ರೋಗಿ ಮಗ್ಗುಲಾಗಿ ಮಲಗಿ ಕಾಲು ಮಡಿಚಿದರೆ ಈ ಉಪಾಯ ಕೈಕೊಡುತ್ತದೆ. ಆಗ ಕಾಲು ನೆಲಕ್ಕೆ ಸಮಾಂತರವಾಗಿ ತಿರುಗುವುದರಿಂದ ಗುರುತ್ವದ ದಿಕ್ಕು ಏನನ್ನೂ ಹೇಳುವುದಿಲ್ಲ.

ಯಾವುದೇ ಹಾಕಿ, ವೈವಾಗೆ ಮುಂಚೆ ಫಿಸಿಯೋಥೆರಪಿಯವರು ಬಳಸುವ ಪ್ಲಾಸ್ಟಿಕ್ ಗೋನಿಯೋಮೀಟರ್ (ಕೀಲಿನ ಕೋನ ಅಳೆಯುವ ಮಾಪಕ) ತಂದು 0, 30, 60, 90 ಡಿಗ್ರಿಗಳಲ್ಲಿ ಹೋಲಿಸಿ, ಆ ಕೋಷ್ಟಕವನ್ನು ವರದಿಗೆ ಸೇರಿಸಿ. ನಮ್ಮ ಪರೀಕ್ಷಕರು ಮೊದಲು ಕೇಳಿದ್ದೇ ಅದನ್ನು.