‘ಅಮ್ಮನ ಮುಖ ಕಣ್ಣಿಗೆ ಬರಲ್ಲ ಮೇಡಂ’

ನಲವತ್ತು ದಾಟಿದ ಒಬ್ಬರು ನನ್ನ ಹತ್ತಿರ ಆಪ್ತಸಲಹೆಗೆ ಬಂದಿದ್ದರು. ಅಮ್ಮ ತೀರಿಕೊಂಡು ಎಂಟು ತಿಂಗಳಾಗಿತ್ತು. ಒಡಹುಟ್ಟಿದ ತಂಗಿ ಮಾತು ಬಿಟ್ಟು ಆರು ತಿಂಗಳು. (ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.)

ಜಗಳ ಶುರುವಾಗಿದ್ದು ಒಂದೇ ಒಂದು ಮಾತಿಗೆ. ತಂಗಿ ಅಳುತ್ತಾ, ‘ಕಣ್ಣು ಮುಚ್ಚಿದ್ರೆ ಸಾಕು ಅಣ್ಣ, ಅಮ್ಮ ಎದುರಿಗೇ ಬಂದು ನಿಲ್ತಾಳೆ’ ಅಂದಿದ್ದಾರೆ. ಇವರು ಇದ್ದದ್ದನ್ನು ಇದ್ದ ಹಾಗೆ, ‘ನನಗೆ ಅಮ್ಮನ ಮುಖ ನೆನಪಿಗೇ ಬರಲ್ಲಮ್ಮ’ ಅಂದುಬಿಟ್ಟಿದ್ದಾರೆ. ‘ಎರಡು ತಿಂಗಳಿಗೇ ಮರೆತೆಯಾ? ಕಲ್ಲು ಮನಸ್ಸು ನಿಂದು’ ಎಂದು ತಂಗಿ ಎದ್ದು ಹೋದರು. ಅಷ್ಟೇ. ಆ ಮಾತು ಇವರೊಳಗೆ ಮುಳ್ಳಿನ ಹಾಗೆ ಕೂತಿತ್ತು. ‘ನಿಜವಾಗ್ಲೂ ನನಗೆ ಅಮ್ಮನ ಮೇಲೆ ಪ್ರೀತಿ ಇರ್ಲಿಲ್ವಾ ಮೇಡಂ?’ ಇದು ಅವರು ನನಗೆ ಕೇಳಿದ ಮೊದಲ ಪ್ರಶ್ನೆ.

ಮೊದಲ ದಿನ ನಾನೇ ಎಡವಿದೆ. ದುಃಖ ನುಂಗಿಕೊಂಡಿದ್ದಾರೆ, ಹೊರಗೆ ಬರಬೇಕು ಅಷ್ಟೇ ಅಂದುಕೊಂಡೆ. ನಮ್ಮಲ್ಲಿ ತುಂಬ ಬಳಕೆಯಲ್ಲಿರುವ ಅಭ್ಯಾಸ ಒಂದನ್ನು ಮಾಡಿಸಿದೆ. ಕಣ್ಣು ಮುಚ್ಚಿ, ಅಮ್ಮ ಎದುರಿನ ಕುರ್ಚಿಯಲ್ಲಿ ಕೂತಿದ್ದಾರೆ ಅಂದುಕೊಳ್ಳಿ, ಅವರಿಗೆ ಹೇಳದೆ ಉಳಿದದ್ದನ್ನು ಹೇಳಿ. ಅವರು ಶಾಲೆ ಹುಡುಗನ ಹಾಗೆ ಕೈಕಟ್ಟಿ, ಕಣ್ಣು ಬಿಗಿಯಾಗಿ ಮುಚ್ಚಿ ಕೂತರು. ಐದು ನಿಮಿಷ ಆಯಿತು. ಏನು ಕಾಣ್ತಿದೆ ಅಂತ ಕೇಳಿದೆ.

‘ಕತ್ತಲೆ ಮೇಡಂ.’

ಆಗಲೂ ನನಗೆ ಹೊಳೆಯಲಿಲ್ಲ. ರಾತ್ರಿ ಪಾತ್ರೆ ತೊಳೆಯುವಾಗ ಫಕ್ಕನೆ ಹೊಳೆಯಿತು.

ಮುಂದಿನ ವಾರ ಬಂದಾಗ ಬೇರೆ ಪ್ರಶ್ನೆ ಕೇಳಿದೆ. ಬೆಳಗ್ಗೆ ಏನು ತಿಂದ್ರಿ? ಅಕ್ಕಿರೊಟ್ಟಿ. ತಟ್ಟೆ ಯಾವುದು? ಸ್ಟೀಲ್‌ದು, ಅಂಚು ಒಂದು ಕಡೆ ನೆಗ್ಗಿದೆ. ಆ ತಟ್ಟೆ ಈಗ ಕಾಣ್ತಿದೆಯಾ? ‘ಇಲ್ಲಿಲ್ಲವಲ್ಲ, ಹೇಗೆ ಕಾಣುತ್ತೆ?’ ಅಲ್ಲ, ಮನಸ್ಸಿನಲ್ಲಿ? ಅವರು ನನ್ನನ್ನೇ ವಿಚಿತ್ರವಾಗಿ ನೋಡಿದರು. ‘ನೆಗ್ಗಿದೆ ಅಂತ ಗೊತ್ತು. ಕಾಣೋದು ಅಂದ್ರೇನು?’

‘ಕಣ್ಣಿಗೆ ಕಟ್ಟಿದ ಹಾಗೆ’ ಅಂತೀವಲ್ಲ ಅಂದೆ. ಅದಕ್ಕೆ ಅವರು ಕೊಟ್ಟ ಉತ್ತರವನ್ನು ನಾನು ಮರೆಯುವುದಿಲ್ಲ. ‘ಅದು ಸುಮ್ನೆ ಗಾದೆ ಥರದ ಮಾತು ಅಲ್ವಾ? ತಲೆ ತಿನ್ನಬೇಡ ಅಂತಾರೆ, ಯಾರೂ ತಿನ್ನಲ್ಲ. ಹಾಗೇ ಅಂದ್ಕೊಂಡಿದ್ದೆ.’

ನಲವತ್ತು ವರ್ಷ ಒಂದೇ ಭಾಷೆ ಆಡಿ, ಒಂದೇ ಮನೆಯಲ್ಲಿ ಉಂಡು ಬೆಳೆದ ಅಣ್ಣ-ತಂಗಿ. ಒಬ್ಬರಿಗೆ ಆ ಮಾತು ಅಕ್ಷರಶಃ ನಿಜ, ಇನ್ನೊಬ್ಬರಿಗೆ ಬರೀ ಅಲಂಕಾರ. ಇಬ್ಬರಿಗೂ ಅದು ಗೊತ್ತೇ ಆಗಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಮೂಗ ಕಂಡ ಕನಸು ಅಂತೀವಲ್ಲ, ನಮ್ಮೆಲ್ಲರ ಒಳಗಿನ ಅನುಭವವೂ ಸ್ವಲ್ಪ ಹಾಗೆಯೇ. ಥಾಮಸ್ ನೇಗಲ್ ಎಂಬ ತತ್ವಶಾಸ್ತ್ರಜ್ಞ 1974ರಲ್ಲಿ ಬಾವಲಿಯ ಉದಾಹರಣೆ ಕೊಟ್ಟಿದ್ದರು. ಅದು ಸದ್ದಿನ ಪ್ರತಿಧ್ವನಿ ಹಿಡಿದು ಹಾರುವ ಬಗೆಯನ್ನು ಎಷ್ಟು ಓದಿದರೂ, ಬಾವಲಿಯಾಗಿ ಇರುವುದು ಹೇಗಿರುತ್ತದೆ ಅನ್ನುವುದು ನಮಗೆ ತಿಳಿಯದು. ಬಾವಲಿ ತನಕ ಯಾಕೆ ಹೋಗಬೇಕು, ಪಕ್ಕದಲ್ಲಿ ಕೂತು ರೊಟ್ಟಿ ತಿನ್ನುವವರದ್ದೇ ಗೊತ್ತಾಗಲ್ಲ.

ಇವರ ಸ್ಥಿತಿಗೆ ಹೆಸರಿದೆ. ಅಫ್ಯಾಂಟೇಸಿಯ. ಮನಸ್ಸಿನಲ್ಲಿ ಬೇಕೆಂದಾಗ ಚಿತ್ರ ಮೂಡದಿರುವುದು. ಇಂಗ್ಲೆಂಡಿನ ನರವಿಜ್ಞಾನಿ ಆಡಂ ಝೀಮನ್ 2015ರಲ್ಲಿ ಇಟ್ಟ ಹೆಸರು ಇದು. ಆದರೆ ವಿಷಯ ಹಳೆಯದು. 1880ರಲ್ಲೇ ಫ್ರಾನ್ಸಿಸ್ ಗಾಲ್ಟನ್ ಎಂಬ ಇಂಗ್ಲೆಂಡಿನ ವಿಜ್ಞಾನಿ ಜನರಿಗೆ, ಬೆಳಗ್ಗೆ ತಿಂಡಿಗೆ ಕೂತ ಮೇಜನ್ನು ನೆನೆಸಿಕೊಳ್ಳಿ, ಅದು ಎಷ್ಟು ಸ್ಪಷ್ಟವಾಗಿ ಕಾಣುತ್ತದೆ ಎಂದು ಕೇಳಿದ್ದರು. ವಿಜ್ಞಾನಿಗಳಲ್ಲೇ ಹಲವರು, ಹಾಗೆಲ್ಲ ಏನೂ ಕಾಣುವುದಿಲ್ಲ ಅಂದಿದ್ದರು. ನನ್ನ ಅಕ್ಕಿರೊಟ್ಟಿ ಪ್ರಶ್ನೆ ಅಲ್ಲಿಂದ ಕದ್ದದ್ದೇ.

ಹೆಸರು ಹೇಳುವ ಮುಂಚೆ ಒಂದನ್ನು ಖಚಿತ ಮಾಡಿಕೊಳ್ಳಬೇಕಿತ್ತು. ಇದು ಮೊದಲಿಂದಲೂ ಹೀಗೆಯೇ, ಅಥವಾ ಇತ್ತೀಚೆಗೆ ಶುರುವಾಯಿತೇ? ಮೊದಲು ಕಾಣುತ್ತಿದ್ದದ್ದು ದಿಢೀರನೆ ನಿಂತುಹೋಗಿದ್ದರೆ ಅದು ನನ್ನ ಕೆಲಸವಲ್ಲ, ನರರೋಗ ತಜ್ಞರ ಹತ್ತಿರ ಕಳಿಸಬೇಕು. ಇವರಿಗೆ ಬುದ್ಧಿ ಬಂದಾಗಿನಿಂದಲೂ ಹೀಗೇ. ನಿದ್ದೆ, ಊಟ, ಕೆಲಸ ಎಲ್ಲ ಸರಿಯಾಗಿತ್ತು, ಖಿನ್ನತೆಯ ಲಕ್ಷಣ ಕಾಣಲಿಲ್ಲ. ಕನಸು ಮಾತ್ರ ಚಿತ್ರದ ಸಮೇತ ಬೀಳುತ್ತದಂತೆ. ಇಂಥವರಲ್ಲಿ ಹಲವರಿಗೆ ಹಾಗೆಯೇ. ಮನಸ್ಸಿನ ಚಿತ್ರ ಎಷ್ಟು ಸ್ಪಷ್ಟ ಎಂದು ಅಳೆಯಲು ಮನಶ್ಶಾಸ್ತ್ರಜ್ಞ ಡೇವಿಡ್ ಮಾರ್ಕ್ಸ್ 1973ರಲ್ಲಿ ರೂಪಿಸಿದ 16 ಪ್ರಶ್ನೆಗಳ ಪಟ್ಟಿಯನ್ನು ಕನ್ನಡದಲ್ಲಿ ಓದಿ ಹೇಳಿದೆ. ಏನೂ ಕಾಣದಿದ್ದರೆ ಕನಿಷ್ಠ ಅಂಕ 16, ಎಲ್ಲವೂ ಸ್ಪಷ್ಟವಾಗಿ ಕಂಡರೆ ಗರಿಷ್ಠ 80. ಇವರದ್ದು 16.

‘ಹಾಗಾದ್ರೆ ಕಾಯಿಲೆನಾ?’ ಅಲ್ಲ. ಔಷಧಿಯೂ ಬೇಡ. ಪಿಕ್ಸಾರ್ ಅನಿಮೇಶನ್ ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಎಡ್ ಕ್ಯಾಟ್‌ಮಲ್ ಅವರಿಗೂ ಮನಸ್ಸಿನಲ್ಲಿ ಚಿತ್ರ ಮೂಡುವುದಿಲ್ಲ ಅಂದೆ. ಮೊದಲ ಸಲ ನಕ್ಕರು.

ಆಮೇಲೆ ನಾನು ಕೇಳಿದ್ದು ಒಂದೇ. ಮುಖ ಬಿಡಿ, ಅಮ್ಮನ ಬಗ್ಗೆ ನಿಮಗೆ ಏನು ‘ಗೊತ್ತು’?

ನಲವತ್ತು ನಿಮಿಷ ಮಾತಾಡಿದರು. ಅಮ್ಮ ಚಿಲ್ಲರೆಯನ್ನು ಸೆರಗಿನ ತುದಿಗೆ ಗಂಟು ಹಾಕುತ್ತಿದ್ದರು. ಗಂಟು ಬಿಚ್ಚಲು ಯಾವಾಗಲೂ ಹಲ್ಲನ್ನೇ ಬಳಸುತ್ತಿದ್ದರು. ಬಸ್ ಕಂಡಕ್ಟರ್ ಕಾಯುತ್ತಾ ನಿಂತಿದ್ದರೂ ಅವಸರವಿಲ್ಲ. ನಾಣ್ಯ ಕೈಗೆ ಬಂದಾಗ ಒದ್ದೆಯಾಗಿರುತ್ತಿತ್ತಂತೆ, ಅದನ್ನು ಸೀರೆಗೆ ಒರೆಸಿ ಕೊಡುತ್ತಿದ್ದರಂತೆ. ಮಿಡಿಗೆ ಉಪ್ಪು ಹಾಕುವಾಗ ಅಳತೆ ಇರಲಿಲ್ಲ. ಮುಂಗೈ ಗಂಟಿನವರೆಗೆ ಉಪ್ಪು ಅಂಟಿತು ಅಂದರೆ ಸಾಕು ಎಂದು ಲೆಕ್ಕ. ‘ಒರೆಸಿ ಕೊಡ್ತಿದ್ಲು ಮೇಡಂ’ ಅಂತ ಎರಡನೇ ಸಲ ಹೇಳುವಾಗ ಗಂಟಲು ಕಟ್ಟಿತು. ಎಂಟು ತಿಂಗಳಲ್ಲಿ ಅವರು ಅತ್ತದ್ದು ಅದೇ ಮೊದಲು.

ಸಲಹೆ ಅಂತ ಕೊಟ್ಟದ್ದು ಜಾಸ್ತಿ ಏನಿಲ್ಲ. ಕಣ್ಣು ಮುಚ್ಚಿ ಮುಖ ಹುಡುಕುವುದನ್ನು ಇವತ್ತಿಗೇ ನಿಲ್ಲಿಸಿ. ಫೋಟೊ ನೋಡಬೇಕು ಅನ್ನಿಸಿದಾಗೆಲ್ಲ ನೋಡಿ, ಅದೇನು ತಪ್ಪಲ್ಲ. ಗೊತ್ತಿರುವುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಸಣ್ಣದು ಅಂತ ಬಿಡಬೇಡಿ. ತಂಗಿಗೆ ಫೋನಿನಲ್ಲಿ ವಾದ ಮಾಡಬೇಡಿ, ಇಲ್ಲಿಗೆ ಕರೆದುಕೊಂಡು ಬನ್ನಿ.

ತಂಗಿ ಬಂದರು, ಮುಖ ಬಿಗಿದುಕೊಂಡೇ. ಇದೆಲ್ಲ ನೆವ ಅನ್ನಿಸಿತ್ತು ಅವರಿಗೆ. ಆಸ್ಟ್ರೇಲಿಯಾದ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದ ಬಗ್ಗೆ ಹೇಳಿದೆ. ಪ್ರಖರ ಬೆಳಕನ್ನು ಬರೀ ಕಲ್ಪಿಸಿಕೊಂಡರೂ ಸಾಮಾನ್ಯವಾಗಿ ಕಣ್ಣಿನ ಪಾಪೆ ಕಿರಿದಾಗುತ್ತದೆ. ಅಫ್ಯಾಂಟೇಸಿಯ ಇರುವವರಲ್ಲಿ ಹಾಗೆ ಆಗಲಿಲ್ಲ. ಪಾಪೆಗೆ ನಾಟಕ ಆಡಲು ಬರಲ್ಲ ಅಲ್ವಾ ಅಂದೆ. ತಂಗಿ ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ ನಾನು ಕೇಳದಿದ್ದದ್ದನ್ನು ಹೇಳಿದರು. ‘ಅಮ್ಮ ಬರ್ತಾಳೆ ಅಂದೆನಲ್ಲ, ಅದು ಆಸ್ಪತ್ರೆಯ ಅಮ್ಮ. ಮೂಗಿನಲ್ಲಿ ನಳಿಕೆ. ದಿನಾ ಅದೇ. ಬೇರೆ ಮುಖ ಬರೋದೇ ಇಲ್ಲ.’ ಅಣ್ಣನಿಗೆ ಇದು ಗೊತ್ತಿರಲಿಲ್ಲ. ತಂಗಿಯ ಜೊತೆ ಬೇರೆಯಾಗಿ ಕೂತು ಕೆಲಸ ಮಾಡಬೇಕಾಯಿತು, ಅದು ಇನ್ನೂ ನಡೆಯುತ್ತಿದೆ. ಅಣ್ಣ ನೋಟ್‌ಬುಕ್ಕನ್ನು ಅವತ್ತೇ ಕೊಟ್ಟರು. ಸೆರಗಿನ ಗಂಟಿನ ಪುಟ ಓದಿ ತಂಗಿ, ‘ಅಯ್ಯೋ, ಹೌದು, ಆ ಹಸಿರು ಸೀರೆ!’ ಅಂದರು. ಸೀರೆಯ ಬಣ್ಣ ಅಣ್ಣ ಬರೆದೇ ಇರಲಿಲ್ಲ.

ಈಗ ಸಣ್ಣ ತಕರಾರು ಮನೆಯಲ್ಲಿ. ಇದೆಲ್ಲ ತಿಳಿದ ಹೆಂಡತಿ, ‘ನಾನು ತವರಿಗೆ ಹೋದ್ರೆ ನನ್ನ ಮುಖಾನೂ ಬರಲ್ವಾ?’ ಅಂತ ಕೇಳಿದ್ದಾರೆ. ನಮ್ಮ ಸತ್ಯಸಂಧರು ‘ಇಲ್ಲ’ ಅಂದಿದ್ದಾರೆ. ಎರಡು ದಿನದಿಂದ ಮಾತಿಲ್ಲ. ಶನಿವಾರ ಇಬ್ಬರೂ ಬರುತ್ತಾರಂತೆ.