ಹಳೇ ಜೀಪಿಗೆ ಮೆಕ್ಯಾನಿಕಲ್ ಟೆಂಪರೇಚರ್ ಮೀಟರ್ ಹಾಕಿಸಲೋ, ಎಲೆಕ್ಟ್ರಿಕಲ್ಲೋ?

ನಿಮ್ಮದು 1994ರ ಡೀಸೆಲ್ ಜೀಪು, ಎಂಜಿನ್ನಿನ ನೀರಿನ ಬಿಸಿ ತೋರಿಸುವ ಟೆಂಪರೇಚರ್ ಮುಳ್ಳು ಅಲ್ಲಾಡುತ್ತಿಲ್ಲ, ಹೊಸದು ಯಾವ ಬಗೆಯದು ಹಾಕಿಸಲಿ ಅಂತ ಕೇಳಿದ್ದೀರಿ. ಘಾಟಿ ಹತ್ತಿಳಿಯುವ ಗಾಡಿಯಾದರೆ ಮೆಕ್ಯಾನಿಕಲ್ಲೇ ಹಾಕಿಸಿ.

ನಾನು ಮೊದಲು ಹಾಕಿದ್ದು ಎಲೆಕ್ಟ್ರಿಕಲ್. ನನ್ನ ಕೈಯಾರೆ ಹಾಕಿದ್ದು, ಬೈಯಲು ಬೇರೆ ಯಾರೂ ಇಲ್ಲ. ನೀರು ಜಿನುಗಬಾರದೆಂದು ಸೆಂಡರಿನ (ಎಂಜಿನ್ನಿಗೆ ತಿರುಗಿಸಿ ಕೂರಿಸುವ, ಬಿಸಿ ಗ್ರಹಿಸುವ ಬಿಡಿಭಾಗ) ಥ್ರೆಡ್ಡಿಗೆ ಟೆಫ್ಲಾನ್ ಟೇಪನ್ನು ದಪ್ಪಗೆ ಸುತ್ತಿಬಿಟ್ಟೆ. ಒಂಟಿ ವೈರಿನ ಸೆಂಡರಿಗೆ ಅರ್ಥ್, ಅಂದರೆ ಕರೆಂಟ್ ಬ್ಯಾಟರಿಗೆ ಮರಳುವ ದಾರಿ, ಸಿಗುವುದೇ ಆ ಥ್ರೆಡ್ಡಿನಿಂದ! ಬಿಸಿ ಏರಿದಂತೆ ಸೆಂಡರಿನ ರೆಸಿಸ್ಟೆನ್ಸ್ ಇಳಿಯುತ್ತದೆ, ಮೀಟರ್ ಅಳೆಯುವುದು ಅದನ್ನೇ. ಅರ್ಥ್ ಕೆಟ್ಟರೆ ರೆಸಿಸ್ಟೆನ್ಸ್ ಹೆಚ್ಚಿದಂತಾಗಿ ಮುಳ್ಳು ಕೆಳಗೇ ಉಳಿಯುತ್ತದೆ. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ನನ್ನ ಮುಳ್ಳು 80ರಲ್ಲಿ ಹಾಯಾಗಿ ಕೂತಿತ್ತು, ಬಾನೆಟ್ ಸಂದಿಯಿಂದ ಹಬೆ ಬರುತ್ತಿತ್ತು. ಎಂಜಿನ್ನಿನ ಹೆಡ್ಡಿಗೂ ಬ್ಲಾಕಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ಹೋಯಿತು.

ಮೆಕ್ಯಾನಿಕಲ್ಲಿನಲ್ಲಿ ಸೆಂಡರಿನ ಜಾಗದಲ್ಲಿ ಎಂಜಿನ್ ನೀರಿನೊಳಗೆ ಕೂರುವ ಪುಟ್ಟ ಲೋಹದ ಬಲ್ಬ್ ಇರುತ್ತದೆ, ಅದರಲ್ಲಿ ಬೇಗ ಆವಿಯಾಗುವ ದ್ರವ, ಸಾಮಾನ್ಯವಾಗಿ ಈಥರ್, ಇರುತ್ತದೆ. ಬಿಸಿಯಾದಾಗ ಅದರ ಒತ್ತಡ ಕೂದಲಿನಷ್ಟು ಸಣ್ಣ ರಂಧ್ರದ ಲೋಹದ ಕೊಳವೆಯಲ್ಲಿ ಹಾದು, ಮೀಟರಿನೊಳಗಿನ ಬಾಗಿದ ಬೋರ್ಡನ್ ಟ್ಯೂಬನ್ನು ನೆಟ್ಟಗಾಗಿಸಲು ನೋಡುತ್ತದೆ, ಮುಳ್ಳು ತಿರುಗುತ್ತದೆ. ಬ್ಯಾಟರಿ, ಫ್ಯೂಸು, ಅರ್ಥು ಯಾವುದರ ಹಂಗೂ ಇಲ್ಲ. ಕೀ ತೆಗೆದ ಮೇಲೂ ತೋರಿಸುತ್ತದೆ. ಘಾಟಿ ಹತ್ತಿ ತಕ್ಷಣ ಎಂಜಿನ್ ಆಫ್ ಮಾಡಿ ನೋಡಿ, ನೀರು ಸುತ್ತುವುದು ನಿಂತು ಮುಳ್ಳು ಇನ್ನೂ ಮೇಲೇರುತ್ತದೆ. ಎರಡು ನಿಮಿಷ ಐಡಲ್‌ನಲ್ಲಿ ಬಿಡಿ ಅಂತ ಹಳೇ ಡ್ರೈವರುಗಳು ಯಾಕೆ ಹೇಳುತ್ತಿದ್ದರು ಅಂತ ಆಗ ಗೊತ್ತಾಗುತ್ತದೆ.

ಕಷ್ಟವಿರುವುದು ಆ ಕೊಳವೆಯಲ್ಲೇ. ಕತ್ತರಿಸುವ ಹಾಗಿಲ್ಲ, ಜೋಡಿಸುವ ಹಾಗಿಲ್ಲ, ಮಡಿಚಿಕೊಂಡರೆ ಮೀಟರಿಗೇ ತಿಲಾಂಜಲಿ. ಉಳಿದ ಉದ್ದವನ್ನು ದೊಡ್ಡ ಸುರುಳಿ ಮಾಡಿ ಕಟ್ಟಿ, ಎಕ್ಸಾಸ್ಟ್ ಮ್ಯಾನಿಫೋಲ್ಡಿನಿಂದ ದೂರವಿಡಿ. ಎಂಜಿನ್ನಿಗೂ ಡ್ರೈವರಿಗೂ ನಡುವಿನ ತಗಡಿನ ಗೋಡೆಯಾದ ಫೈರ್‌ವಾಲಿನಲ್ಲಿ ಬಲ್ಬ್, ನಟ್ಟು ಎರಡೂ ತೂರುವಷ್ಟು ದೊಡ್ಡ ತೂತು ಬೇಕು, ಅದರ ಅಂಚಿಗೊಂದು ರಬ್ಬರ್ ಬಳೆ (ಗ್ರಾಮೆಟ್). ಬಿಗಿಮಾಡುವಾಗ ನಟ್ಟು ಮಾತ್ರ ತಿರುಗಲಿ, ಕೊಳವೆ ತಿರುಚಬಾರದು.

ಹಾಕಿಸುವ ಮುನ್ನ ಬಲ್ಬನ್ನು ಕುದಿಯುವ ನೀರಿಗೆ ಇಳಿಬಿಟ್ಟು ನೋಡಿ. ಮಂಗಳೂರಿನಲ್ಲಾದರೆ 100 ಡಿಗ್ರಿ ತೋರಿಸಬೇಕು. ಸಕಲೇಶಪುರದಲ್ಲಿ 97ರ ಆಸುಪಾಸು ತೋರಿಸಿದರೆ ಮೀಟರ್ ಕೆಟ್ಟಿದೆ ಅಂತ ಅಂಗಡಿಯವನ ಜೊತೆ ಜಗಳಕ್ಕೆ ಹೋಗಬೇಡಿ, ಅಷ್ಟು ಎತ್ತರದಲ್ಲಿ ನೀರು ಕುದಿಯುವುದೇ ಅಲ್ಲಿಗೆ.

ಎಂಜಿನ್ ಹಿಂದಿರುವ ಗಾಡಿಗಳಿಗೆ, ಪದೇ ಪದೇ ಎಂಜಿನ್ ಇಳಿಸುವವರಿಗೆ ಎಲೆಕ್ಟ್ರಿಕಲ್ಲೇ ಸರಿ, ವೈರನ್ನು ಎಷ್ಟು ದೂರ ಬೇಕಾದರೂ ಎಳೆಯಬಹುದು. ಆದರೆ ಮೀಟರ್ ಒಂದು ಕಂಪನಿಯದು, ಸೆಂಡರ್ ಇನ್ನೊಂದರದು ಮಾಡಿದರೆ ಲೆಕ್ಕ ತಾಳೆಯಾಗುವುದಿಲ್ಲ, ಜೋಡಿಯಾಗಿಯೇ ಕೊಳ್ಳಿ.

ಇನ್ನೊಂದು ಮಾತು. ಹೋಸ್ ಒಡೆದು ನೀರೆಲ್ಲ ಚೆಲ್ಲಿಹೋದರೆ ಬಲ್ಬ್ ಗಾಳಿಯಲ್ಲಿ ನೇತಾಡುತ್ತದೆ, ಆಗ ಎರಡೂ ಬಗೆಯ ಮೀಟರ್ ಸುಳ್ಳು ಹೇಳಬಹುದು. ಏರಿನಲ್ಲಿ ಮುಳ್ಳು ಇದ್ದಕ್ಕಿದ್ದಂತೆ ಕೆಳಗಿಳಿದರೆ ಖುಷಿಪಡದೆ ಗಾಡಿ ಬದಿಗೆ ಹಾಕಿ. ರೇಡಿಯೇಟರ್ ಮುಚ್ಚಳ ಮಾತ್ರ ಬಿಸಿಯಲ್ಲಿ ತೆಗೆಯಬೇಡಿ.

ಅಂಗಡಿಗೆ ಹೋಗುವಾಗ ಹಳೇ ಸೆಂಡರ್ ಬಿಚ್ಚಿ ಜೇಬಿನಲ್ಲಿಟ್ಟುಕೊಳ್ಳಿ. ಅದರ ಥ್ರೆಡ್ಡಿಗೆ ಹೊಂದುವ ಅಡಾಪ್ಟರ್ ಬೇಕಾಗುತ್ತದೆ.