ನಳದ ನೀರು, ಬ್ಯಾರಲ್ ಮತ್ತು ಡೆಂಗಿ: ಮಕ್ಕಳಿಗೆ ಗೊತ್ತಿರುವುದು, ಗೊತ್ತಿಲ್ಲದಿರುವುದು

ಪ್ರಶ್ನೆ: ನಾನು ಬೆಟಗೇರಿಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ಡೆಂಗಿ ಹೇಗೆ ಹರಡುತ್ತದೆ ಎಂದು ಕೇಳಿದರೆ ಒಂಬತ್ತು, ಹತ್ತನೇ ತರಗತಿಯ ಮಕ್ಕಳೆಲ್ಲ ‘ಸೊಳ್ಳೆಯಿಂದ’ ಎನ್ನುತ್ತಾರೆ. ಆದರೂ ಮಳೆಗಾಲದಲ್ಲಿ ಜ್ವರದಿಂದಾಗಿ ಹಾಜರಿ ಕಡಿಮೆಯಾಗುತ್ತದೆ. ಗೊತ್ತಿದ್ದೂ ಮಕ್ಕಳು ಎಚ್ಚರ ವಹಿಸುವುದಿಲ್ಲವೇಕೆ?

ಉತ್ತರ: ಅವರ ಉತ್ತರ ತಪ್ಪಲ್ಲ, ಅರ್ಧ ಮಾತ್ರ. ಆ ಸೊಳ್ಳೆ ಎಲ್ಲಿ ಹುಟ್ಟುತ್ತದೆ, ಯಾವ ಹೊತ್ತಿನಲ್ಲಿ ಕಚ್ಚುತ್ತದೆ ಎಂದು ಮುಂದುವರಿಸಿ ಕೇಳಿದರೆ ಹೆಚ್ಚಿನವರು ‘ಗಟಾರದಲ್ಲಿ, ರಾತ್ರಿ ಹೊತ್ತು’ ಎನ್ನುತ್ತಾರೆ. ಗಟಾರದ ಕೊಳಕು ನೀರಿನಲ್ಲಿ ಬೆಳೆದು ರಾತ್ರಿ ಕಾಡುವುದು ಕ್ಯೂಲೆಕ್ಸ್ ಸೊಳ್ಳೆ. ಡೆಂಗಿ ಮತ್ತು ಚಿಕೂನ್‌ಗುನ್ಯಾ ಹರಡುವ ಈಡಿಸ್ ಈಜಿಪ್ಟಿ ಸೊಳ್ಳೆಯು ಮನೆಯೊಳಗೆ, ಅಂಗಳದಲ್ಲಿ ನಾವೇ ತುಂಬಿಟ್ಟ ತಿಳಿನೀರಿನಲ್ಲಿ ಬೆಳೆಯುತ್ತದೆ. ಬೆಳಗ್ಗೆ ಬಿಸಿಲೇರುವ ಹೊತ್ತಿನಲ್ಲಿ ಮತ್ತು ಸೂರ್ಯ ಮುಳುಗುವ ಮುನ್ನ ಹೆಚ್ಚಾಗಿ ಕಚ್ಚುತ್ತದೆ. ಅಂದರೆ ಮಕ್ಕಳು ಗಿಡ್ಡ ತೋಳಿನ ಸಮವಸ್ತ್ರದಲ್ಲಿ ಶಾಲೆಯಲ್ಲಿರುವ, ಟ್ಯೂಷನ್ನಿಗೆ ಹೋಗುವ, ಮೈದಾನದಲ್ಲಿ ಆಡುವ ಹೊತ್ತಿನಲ್ಲಿ. ರಾತ್ರಿ ಸೊಳ್ಳೆಪರದೆ ಕಟ್ಟಿಕೊಂಡು ಮಲಗಿದರೆ ಸಾಕೆಂದು ನಂಬಿದ ಹುಡುಗ ಹಗಲಿಡೀ ತನ್ನನ್ನು ಕಾಪಾಡಿಕೊಂಡಿರುವುದಿಲ್ಲ.

ಗದಗ-ಬೆಟಗೇರಿಯಲ್ಲಿ ನಳ ದಿನವೂ ಬರುವುದಿಲ್ಲ. ಹುಬ್ಬಳ್ಳಿ-ಧಾರವಾಡದ ಅನೇಕ ಓಣಿಗಳ ಕಥೆಯೂ ಅದೇ. ಹೀಗಿರುವಾಗ ನೀರು ಕೂಡಿಡಬೇಡಿ ಎಂದು ಉಪದೇಶಿಸುವುದರಲ್ಲಿ ಅರ್ಥವಿಲ್ಲ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ನಮ್ಮ ಹವೆಯಲ್ಲಿ ಸುಮಾರು 7ರಿಂದ 10 ದಿನ ಸಾಕು. ನಳ ಬರುವ ಅಂತರವೂ ಹೆಚ್ಚುಕಡಿಮೆ ಅಷ್ಟೇ ಇದ್ದು, ಬ್ಯಾರಲ್ ಪೂರ್ತಿ ಖಾಲಿಯಾಗುವ ಮೊದಲೇ ಅದರ ಮೇಲೆ ಹೊಸ ನೀರು ಬಿದ್ದರೆ ಸೊಳ್ಳೆಗೆ ಬೇಕಾದ ಅವಧಿ ಒಂದೂ ಅಡೆತಡೆಯಿಲ್ಲದೆ ಸಿಕ್ಕಂತಾಯಿತು. ಇನ್ನೊಂದು ಸಂಗತಿಯನ್ನು ಪಠ್ಯಪುಸ್ತಕದ ಆಚೆಗೆ ಹೋಗಿ ಹೇಳಲೇಬೇಕು. ಈ ಸೊಳ್ಳೆ ಮೊಟ್ಟೆಯಿಡುವುದು ನೀರಿನ ಮಟ್ಟಕ್ಕಿಂತ ತುಸು ಮೇಲೆ, ಬ್ಯಾರಲ್ಲಿನ ಒದ್ದೆ ಗೋಡೆಗೆ ಅಂಟಿಸಿ. ಮಸಿ ಚುಕ್ಕಿಯಂತಹ ಆ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ನೀರು ತಾಗಿದ ಕೂಡಲೇ ಒಡೆಯಬಲ್ಲವು. ಆದ್ದರಿಂದ ಬರೀ ನೀರು ಚೆಲ್ಲಿದರಾಗದು. ಒಳಗೋಡೆಯನ್ನು ಬ್ರಷ್ಷಿನಿಂದಲೋ ತೆಂಗಿನ ನಾರಿನಿಂದಲೋ ಗಸಗಸ ತಿಕ್ಕಬೇಕು.

ಬೆಲೆಬಾಳುವ ನೀರನ್ನು ಚೆಲ್ಲಬೇಕೆಂದೇನೂ ಇಲ್ಲ. ಎಲ್ಲ ಬ್ಯಾರಲ್ಲುಗಳಿಂದಲೂ ಸ್ವಲ್ಪ ಸ್ವಲ್ಪ ತೆಗೆಯುವ ಬದಲು ಒಂದನ್ನು ಪೂರ್ತಿ ಮುಗಿಸಿ, ತಿಕ್ಕಿ, ಬೋರಲು ಹಾಕಿ, ಆಮೇಲೆ ಮುಂದಿನದಕ್ಕೆ ಕೈ ಹಾಕಬೇಕು. ಸಂದು ಬಿಡುವ ತಗಡಿನ ಮುಚ್ಚಳಕ್ಕಿಂತ, ಹಳೆಯ ಧೋತರವನ್ನು ಎರಡು ಪದರ ಮಾಡಿ ಬಾಯಿಗೆ ಬಿಗಿದು ಕಟ್ಟುವುದು ಮೇಲು. ನೀರಿನಲ್ಲಿ ಸೊಳ್ಳೆಯ ಮರಿಹುಳ ಕಂಡರೆ ಬಟ್ಟೆಯಲ್ಲಿ ಸೋಸಿ, ಬಟ್ಟೆಯನ್ನು ಬಿಸಿಲಿನ ಒಣನೆಲದ ಮೇಲೆ ಕೊಡವಿದರೆ ಆ ನೀರನ್ನು ಬಳಕೆಗೆ ಉಳಿಸಿಕೊಳ್ಳಬಹುದು. ತೊಳೆಯಲಾಗದ ದೊಡ್ಡ ಟಾಕಿಗಳಿದ್ದರೆ ಮರಿಹುಳಗಳನ್ನು ಕೊಲ್ಲುವ, ಆರೋಗ್ಯ ಇಲಾಖೆಯವರ ಟೆಮೆಫಾಸ್ ದ್ರಾವಣ ಅಥವಾ ಅವನ್ನು ತಿನ್ನುವ ಗಪ್ಪಿ ಮೀನು ಉಪಯೋಗಕ್ಕೆ ಬರುತ್ತದೆ.

ಇನ್ನು ನಿಮ್ಮ ‘ಏಕೆ’ ಎಂಬುದಕ್ಕೆ ಬರುತ್ತೇನೆ. ನನ್ನ ತಿಳಿವಳಿಕೆಯಂತೆ ಇದು ಉದಾಸೀನವಲ್ಲ. ಮನೆಯ ನೀರಿನ ಉಸ್ತುವಾರಿ ತಾಯಿಯದೋ ಅಜ್ಜಿಯದೋ ಆಗಿದ್ದು, ಡೆಂಗಿ ಎಂಬುದು ಹುಡುಗನ ಪಾಲಿಗೆ ಎರಡು ಅಂಕದ ಪ್ರಶ್ನೆಯಾಗಿ ಉಳಿದಿದೆ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಗೊತ್ತುಪಡಿಸಿತು; ದಂಡವಾದರೂ ತಟ್ಟುವುದು ಹಿರಿಯರಿಗೇ. ಜಾಥಾ ಮತ್ತು ಘೋಷಣೆಗಳನ್ನು ನಾನು ಹೆಚ್ಚು ನಂಬುವುದಿಲ್ಲ. ಅದರ ಬದಲು ವಾರಕ್ಕೊಮ್ಮೆ ಬ್ಯಾರಲ್, ಕೂಲರ್, ಫ್ರಿಜ್ಜಿನ ಹಿಂದಿನ ತಟ್ಟೆ, ಮಾಳಿಗೆ ಮೇಲಿನ ಟೈರು ನೋಡುವ ಕೆಲಸವನ್ನು ಒಬ್ಬೊಬ್ಬರಿಗೂ ವಹಿಸಿ, ಕಂಡದ್ದನ್ನು ಬರೆದು ತರಲು ಹೇಳಿ. ತರಗತಿಯಲ್ಲಿ ಒಮ್ಮೆ ಅಂತಹ ನೀರನ್ನು ಗಾಜಿನ ಬಾಟಲಿಯಲ್ಲಿ, ಬಾಯಿಗೆ ಬಟ್ಟೆ ಕಟ್ಟಿ, ತೋರಿಸಿ: ಮರಿಗಳು ತಲೆ ಕೆಳಗಾಗಿ ನೇತುಬಿದ್ದು ಬಾಲದ ನಳಿಕೆಯಿಂದ ಉಸಿರಾಡುವುದನ್ನೂ ಕೈಯ ನೆರಳು ಬಿದ್ದೊಡನೆ ಕುಲುಕುಲು ಎನ್ನುತ್ತ ತಳಕ್ಕಿಳಿಯುವುದನ್ನೂ ಒಮ್ಮೆ ಕಂಡವರು ಮನೆಯ ಬ್ಯಾರಲ್ಲಿಗೆ ಇಣುಕದೆ ಇರುವುದಿಲ್ಲ. ಪಾಠ ಮುಗಿದ ಕೂಡಲೇ ಆ ನೀರನ್ನು ಒಣಮಣ್ಣಿಗೆ ಸುರಿಯಲು ಮರೆಯದಿರಿ.

ಪ್ರಶ್ನೆ: ನಾನು ಧಾರವಾಡದಲ್ಲಿ ಪಿಯುಸಿ ಓದುತ್ತಿದ್ದೇನೆ. ಕಳೆದ ವರ್ಷ ನನಗೆ ಡೆಂಗಿ ಬಂದು ಹೋಗಿದೆ. ಇನ್ನು ನನಗೆ ಭಯವಿಲ್ಲವಲ್ಲವೇ?

ಉತ್ತರ: ಹಾಗಲ್ಲ. ಡೆಂಗಿ ವೈರಾಣುವಿನಲ್ಲಿ ನಾಲ್ಕು ಬಗೆಗಳಿದ್ದು, ಒಂದು ಬಗೆ ಬಂದುಹೋದರೆ ಶಾಶ್ವತ ರಕ್ಷಣೆ ಸಿಗುವುದು ಆ ಒಂದರಿಂದ ಮಾತ್ರ. ಎರಡನೆಯ ಸಲ ಬೇರೆ ಬಗೆ ತಗುಲಿದರೆ ಕಾಯಿಲೆ ತೀವ್ರವಾಗುವ ಸಂಭವ ಹೆಚ್ಚು, ಆದ್ದರಿಂದ ನೀವು ಇತರರಿಗಿಂತ ಹೆಚ್ಚು ಜಾಗ್ರತರಾಗಿರಬೇಕು.

ಜ್ವರ ಬಂದರೆ ಪ್ಯಾರಾಸಿಟಮಾಲ್ ಹೊರತು ಐಬುಪ್ರೊಫೆನ್, ಆಸ್ಪಿರಿನ್‌ನಂತಹ ನೋವಿನ ಗುಳಿಗೆಗಳನ್ನು ಅಂಗಡಿಯಿಂದ ತಂದು ನುಂಗಬೇಡಿ. ಅವು ರಕ್ತಸ್ರಾವಕ್ಕೆ ದಾರಿ ಮಾಡಬಲ್ಲವು. ಮೊದಲ ಐದು ದಿನಗಳಲ್ಲಿ ರಕ್ತದಲ್ಲಿ ವೈರಾಣುವಿನ ಪ್ರೋಟೀನನ್ನು ಹುಡುಕುವ ಎನ್‌ಎಸ್1, ಆಮೇಲೆ ವೈರಾಣುವಿನ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯವನ್ನು ಹುಡುಕುವ ಐಜಿಎಂ ಪರೀಕ್ಷೆ ಮಾಡಿಸುತ್ತಾರೆ. ಜ್ವರವಿರುವಷ್ಟು ದಿನ ಹಗಲಿನಲ್ಲೂ ಪರದೆಯೊಳಗಿರಿ, ಏಕೆಂದರೆ ನಿಮ್ಮನ್ನು ಕಚ್ಚಿದ ಸೊಳ್ಳೆಯೇ ಮುಂದೆ ಮನೆಯವರಿಗೆ ಸೋಂಕು ಒಯ್ಯುತ್ತದೆ. ಪಪ್ಪಾಯಿ ಎಲೆಯ ರಸವನ್ನು ನೆಚ್ಚಿಕೊಂಡು ಆಸ್ಪತ್ರೆಗೆ ಹೋಗುವುದನ್ನು ಮುಂದೂಡಬೇಡಿ.

ಜ್ವರ ಇಳಿದೊಡನೆ ಗುಣವಾಯಿತೆಂದು ಕಾಲೇಜಿಗೆ ಹೊರಡುವವರೇ ಹೆಚ್ಚು. ಆದರೆ ಅಪಾಯ ಎದುರಾಗುವುದು ಸಾಮಾನ್ಯವಾಗಿ ಆಗಲೇ, ಮೂರರಿಂದ ಏಳನೆಯ ದಿನದ ನಡುವೆ. ಹೊಟ್ಟೆಯಲ್ಲಿ ತೀವ್ರ ನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ವಿಪರೀತ ಸುಸ್ತು ಅಥವಾ ಚಡಪಡಿಕೆ ಕಂಡರೆ, ಇಲ್ಲವೇ ನಾಲ್ಕಾರು ತಾಸು ಮೂತ್ರವೇ ಆಗದಿದ್ದರೆ, ನಡುರಾತ್ರಿಯಾದರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಿ.